ದಾಜಿಯ ಬರ್ಫ

ನಮ್ಮ ದಾಜಿ, ಅಂದರೆ ಅಕ್ಕನ ಗಂಡ, ಅಗಲಿದವರನ್ನು ಕೂಡಿಸುವುದರಲ್ಲಿ ಮಹಾಪಂಡಿತರು. ಅಗಲಿದವರು ಅಣು ಮತ್ತು ಎಲೆಕ್ಟ್ರಾನು ಆಗಿರಬೇಕು, ಅಷ್ಟೇ! ಅರವತ್ತರ ದಶಕದಲ್ಲಿ ಅವರು ಕೊಲ್ಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಊರೆಲ್ಲ ಕುಸ್ತಿ ನೋಡಲು ಹೋದರೆ ಇವರು ಗಾಜಿನ ನಳಿಗೆಯಲ್ಲಿ ಗಾಳಿಯನ್ನು ಮಿನುಗಿಸಿ, ಎಲೆಕ್ಟ್ರಾನು ಕಳಕೊಂಡ ಅಣು ಅದನ್ನು ಮತ್ತೆ ಹಿಡಿಯುವ ಕುಸ್ತಿ ನೋಡುತ್ತ ಕೂಡುವವರು.

"ಬಿಸಿ ಇದ್ದಾಗ ಎಲೆಕ್ಟ್ರಾನು ದಡದಡ ಓಡತೈತಿ, ಕೈಗೆ ಸಿಗಂಗಿಲ್ಲ. ತಣ್ಣಗ ಮಾಡ್ರಿ, ತಾನ ಬಂದು ಕೂಡತೈತಿ," ಎನ್ನುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಬಾರದೇ? ಇಚಲಕರಂಜಿಯಲ್ಲಿ ಮಗ್ಗದ ಸಾಹುಕಾರರೊಬ್ಬರ ಮಗಳ ಮದುವೆ. ಊಟದ ಪಂಕ್ತಿಯಲ್ಲೂ ದಾಜಿ ಇದೇ ಪಾಠ ಶುರುಮಾಡಿದಾಗ ಬೀಗರು, "ಕೂಡಿದ ಮ್ಯಾಲ ಏನಾಗತೈತ್ರಿ?" ಎಂದು ಕೇಳಿಬಿಟ್ಟರು.

"ಏನಾಗತೈತಿ? ಅಣು ಫಟ್ ಅಂತ ಎರಡ ಹೋಳು!"

ಮದುಮಗಳ ಅಜ್ಜಿ ಎಲೆ ಬಿಟ್ಟು ಎದ್ದಳು. ಅವಳನ್ನು ರಮಿಸಿ ಕೂಡಿಸುವಷ್ಟರಲ್ಲಿ ಎಲ್ಲರ ಹೋಳಿಗೆ ಆರಿಹೋಗಿತ್ತು.

ನಿಜವಾದ ಅನಾಹುತ ಆದದ್ದು ಚೈತ್ರದಲ್ಲಿ. ಅರಿಷಿಣ-ಕುಂಕುಮಕ್ಕೆ ಬರುವ ಹೆಂಗಸರಿಗೆ ತಣ್ಣನೆಯ ಮಾವಿನಕಾಯಿ ಪಾನಕ ಕೊಡಬೇಕೆಂದು ಅಕ್ಕ ಬರ್ಫ, ಅಂದರೆ ಮಂಜುಗಡ್ಡೆ, ತರಿಸಿದ್ದಳು. ಅವಳು ಕುಂಕುಮದ ಬಟ್ಟಲು ತರಲು ಒಳಗೆ ಹೋದದ್ದೇ ತಡ, ದಾಜಿ ನಳಿಗೆ ತಣ್ಣಗೆ ಮಾಡಲು ಬರ್ಫ ಹೊತ್ತು ಕಾಲೇಜಿಗೆ ಪರಾರಿ! ಬಂದವರು ಬೆಚ್ಚನೆಯ ಪಾನಕ ಕುಡಿದು, ಮುಖ ಮುಖ ನೋಡಿಕೊಂಡು ಹೋದರು. ಅಕ್ಕ ಅದೇ ಸಂಜೆಯ ಬಸ್ಸಿಗೆ ಗಡಹಿಂಗ್ಲಜದ ನಮ್ಮ ಮನೆಗೆ ಬಂದಳು.

"ಆ ನಳಿಗಿ ಜೋಡಿನ ಸಂಸಾರ ಮಾಡ್ಲಿ. ನಾ ಹೋಗಂಗಿಲ್ಲ!"

ಮರುದಿನ ನಾನು ಕೊಲ್ಹಾಪುರಕ್ಕೆ ಓಡಿದೆ. "ದಾಜಿ, ಬಂದು ಕರ್ಕೊಂಡ ಹೋಗ್ರಿ."

"ಅರೇ ವೇಡ್ಯಾ, ಹುಚ್ಚಪ್ಪಾ! ಈಗ ಬಿಸಿ ಭಾಳ ಐತಿ. ಮಳಿಗಾಲ ಬರ್ಲಿ, ತಾನ ಬರತಾಳ."

ಮಳೆಗಾಲವಂತೆ! ಬಂದು ಅಕ್ಕನಿಗೆ ಹಾಗೇ ಹೇಳಿದೆ. ಇತ್ತ ಅಕ್ಕ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ "ಹಾಲಿನಾಂವ ಬಂದಾನೇನ?" ಎಂದು ಬಾಗಿಲಿಗೆ ಹೋಗುತ್ತಿದ್ದಳು. ಹಾಲು ಬೆಳಿಗ್ಗೆಯೇ ಕಾಯ್ದಿರುತ್ತಿತ್ತು. ದಾಜಿ ಬರದೇ ಹೋದರೆ ಏನು ಗತಿ ಎಂದು ನನಗೆ ಹೆದರಿಕೆಯಾಗತೊಡಗಿತು.

ಒಂದು ಮಟಮಟ ಮಧ್ಯಾಹ್ನ, ನಾಯಿ ಕೂಡ ಹೊರಗೆ ಬರದ ಬಿಸಿಲಿನಲ್ಲಿ, ದಾಜಿ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ನೀರು ಸೋರುವ ಗೋಣಿಚೀಲ. ಕೊಲ್ಹಾಪುರದಿಂದ ಹೊತ್ತು ತಂದ ಬರ್ಫ ದಾರಿಯುದ್ದಕ್ಕೂ ಕರಗಿ, ಚೀಲದೊಳಗಿನ ಒದ್ದೆ ಮರದ ಹೊಟ್ಟಿನಲ್ಲಿ ಲಿಂಬೆಹಣ್ಣಿನಷ್ಟು ಉಳಿದಿತ್ತು.

"ಮಳಿಗಾಲ ಬಂತೇನ್ರಿ?" ಅಂದಳು ಅಕ್ಕ.

"ಅದು ಎಲೆಕ್ಟ್ರಾನಿನ ಮಾತು," ಅಂದರು ದಾಜಿ, ತಲೆ ತಗ್ಗಿಸಿ. "ನೀ ಇಲ್ಲದ ಮನಿಯಾಗ ನನಗ ಇರಾಕ ಆಗವಲ್ತು."

ಅಕ್ಕ ಒಳಗೆ ಹೋದಳು. ಎರಡು ಲೋಟ ಪಾನಕ ತಂದಳು. ಬರ್ಫದ ತುಂಡನ್ನು ಹೊಸ್ತಿಲ ಮೇಲಿಟ್ಟು ಹಿತ್ತಾಳೆಯ ತಂಬಿಗೆಯಿಂದ ಕುಟ್ಟಿದಳು.

"ಕೂಡಿದ ಮ್ಯಾಲ ಎರಡ ಹೋಳು ಆಗಬೇಕಲ್ರಿ?" ಎಂದು ಒಂದನ್ನು ಅವರ ಲೋಟಕ್ಕೆ, ಇನ್ನೊಂದನ್ನು ತನ್ನ ಲೋಟಕ್ಕೆ ಹಾಕಿದಳು.

ನನಗೆ ಸಿಕ್ಕಿದ್ದು ಬೆಚ್ಚನೆಯ ಪಾನಕ. ಅಷ್ಟು ಸಿಹಿಯಾದ ಪಾನಕ ನಾನು ಮತ್ತೆ ಕುಡಿದಿಲ್ಲ.