ನಮ್ಮ ಇಗರ್ಜಿಯ ವೆಬ್‌ಸೈಟಿಗೆ ಐದು ನಕ್ಷತ್ರ

ನಮ್ಮ ಕಡೆಯವರ ಹತ್ತಿರ ಅಭಿಪ್ರಾಯ ಕೇಳುವುದೂ ಒಂದೇ, ಸಮುದ್ರದ ಹತ್ತಿರ ದಾರಿ ಕೇಳುವುದೂ ಒಂದೇ. ಸದ್ದು ಧಾರಾಳವಾಗಿ ಬರುತ್ತದೆ, ಉತ್ತರ ಬರುವುದಿಲ್ಲ. ಉಡುಪಿಯಿಂದ ಕಾಪುವಿನವರೆಗೆ ಯಾರಿಗೆ ಏನನ್ನು ತೋರಿಸಿ ‘ಹೇಗುಂಟು’ ಎಂದು ಕೇಳಿದರೂ ‘ಲಾಯಿಕ್ ಉಂಟು’ ಎನ್ನುತ್ತಾರೆ. ಹೊಸ ಮನೆ ಲಾಯಿಕ್, ಹುಟ್ಟಿದ ಮಗು ಲಾಯಿಕ್, ಉಪ್ಪು ಹೆಚ್ಚಾದ ಮೀನು ಸಾರೂ ಲಾಯಿಕ್. ನಿಜವಾದ ಅಭಿಪ್ರಾಯ ಗೇಟು ದಾಟಿ, ರಸ್ತೆಗೆ ಬಂದು, ಬೇರೆಯವರ ಕಿವಿಗೆ ಸೇರುವಂಥದ್ದು. ಇದೆಲ್ಲ ಗೊತ್ತಿದ್ದೂ ನಾನು ಕೇಳುತ್ತೇನೆ. ಮಣಿಪಾಲದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವ ನನಗೆ ಆಧಾರವಿಲ್ಲದೆ ಏನನ್ನೂ ನಂಬಲು ಆಗುವುದಿಲ್ಲ. ಆಧಾರ ಸಿಕ್ಕಿದ ಮೇಲೆ ಆ ಆಧಾರವನ್ನು ನಂಬಲು ಆಗುವುದಿಲ್ಲ. ‘ನಿಮ್ಮ ಜೊತೆ ಬದುಕುವುದೆಂದರೆ ದಿನಾ ಸಾಕ್ಷಿ ಹೇಳಿದ ಹಾಗೆ’ ಎಂದು ನನ್ನ ಹೆಂಡತಿ ಜೆಸಿಂತಾ ಹೇಳುತ್ತಾಳೆ. ಅದಕ್ಕೂ ನಾನು ಒಂದು ಉದಾಹರಣೆ ಕೇಳಿದ್ದೆ.

ಇಂಥ ನನಗೆ ನಮ್ಮ ಇಗರ್ಜಿಯ ವೆಬ್‌ಸೈಟನ್ನು ಹೊಸದಾಗಿ ಮಾಡುವ ಕೆಲಸ ಬಂತು. ಕಾಪುವಿನಿಂದ ಸ್ವಲ್ಪ ಒಳಗೆ, ನೀರು ಹರಿಯುವ ತೋಡಿನ ಪಕ್ಕದಲ್ಲಿರುವ ಪುಟ್ಟ ಇಗರ್ಜಿ ಅದು. ಕ್ರಿಸ್ಮಸ್ಸನ್ನೂ ಯಾರಾದರೂ ತೀರಿಕೊಂಡ ದಿನವನ್ನೂ ಬಿಟ್ಟರೆ ನಾನು ಆ ಕಡೆ ಹೋಗುವುದು ಕಡಿಮೆ. ಆದರೂ ನಮ್ಮ ವಿಗಾರರು, ಅಂದರೆ ಇಗರ್ಜಿಯ ಫಾದರ್, ಮನೆಗೇ ಬಂದು, ‘ನೀವು ಮಣಿಪಾಲದಲ್ಲಿ ಕೆಲಸದಲ್ಲಿ ಇರುವವರು ಪ್ರೊಫೆಸರ್, ಕಂಪ್ಯೂಟರ್ ನಿಮಗೆ ಬಿಟ್ಟು ಬೇರೆ ಯಾರಿಗೆ ಗೊತ್ತುಂಟು’ ಅಂದರು. ನಾನು ಕಲಿಸುವುದು ತರ್ಕಶಾಸ್ತ್ರ ಎಂದೆ. ‘ಎಲ್ಲ ಒಂದೇ ಅಲ್ವಾ’ ಅಂದರು. ಮಣಿಪಾಲದಲ್ಲಿ ಕೆಲಸ ಮಾಡುವವನು ಒಂದೋ ಡಾಕ್ಟರಾಗಿರಬೇಕು, ಇಲ್ಲವೇ ಕಂಪ್ಯೂಟರಿನವನಾಗಿರಬೇಕು ಎಂಬುದು ಇಲ್ಲಿನವರ ತರ್ಕ. ನಾನು ಡಾಕ್ಟರ್ ಅಲ್ಲವೆಂಬುದು ಆಗಲೇ ರುಜುವಾತಾಗಿತ್ತು. ಹಿಂದೆ ಫಾದರ್ ಕೆಮ್ಮಿಗೆ ಔಷಧಿ ಕೇಳಿದಾಗ ನಾನು ಕೆಮ್ಮು ನಿಜವೇ ಎಂದು ವಿಚಾರಿಸಿದ್ದೆ.

ಹಳೆಯ ವೆಬ್‌ಸೈಟನ್ನು ಯಾರೋ ಅಬುದಾಭಿಯಲ್ಲಿ ಕೂತು ಮಾಡಿದ್ದರು. ತೆರೆದ ಕೂಡಲೇ ಗಂಟೆ ಬಾರಿಸುತ್ತಿತ್ತು, ಎರಡು ಮೇಣದ ಬತ್ತಿ ಅಲುಗಾಡುತ್ತಿದ್ದವು, ಪೂಜೆಯ ಸಮಯ ಬಲದಿಂದ ಎಡಕ್ಕೆ ಓಡುತ್ತಿತ್ತು. ಓದಿ ಮುಗಿಸುವುದರೊಳಗೆ ಪೂಜೆ ಮುಗಿಯುತ್ತಿತ್ತು. ನಾನು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ಸಿದ್ಧ ಮಾದರಿಯನ್ನು ಇಳಿಸಿಕೊಂಡೆ. ಅದು ಯಾವುದೋ ಚಳಿ ದೇಶದ ಹೋಟೆಲಿಗಾಗಿ ಮಾಡಿದ್ದು. ಹಿಮ ಬಿದ್ದ ಮಾಡಿನ ಜಾಗದಲ್ಲಿ ನಮ್ಮ ಮಂಗಳೂರು ಹಂಚಿನ ಮಾಡನ್ನು ಕೂರಿಸಿದೆ, ಊಟದ ಪಟ್ಟಿಯ ಜಾಗದಲ್ಲಿ ಪೂಜೆಯ ವೇಳೆ ಹಾಕಿದೆ. ಇಷ್ಟಾಗುವಾಗ ನನ್ನೊಳಗೆ ಒಬ್ಬ ಕಲಾವಿದ ಎದ್ದು ಕೂತಿದ್ದ. ಅವನಿಗೆ ಹೊಗಳಿಕೆ ಬೇಕಿತ್ತು, ನನಗೆ ಆಧಾರ ಬೇಕಿತ್ತು.

ಭಾನುವಾರ ಪೂಜೆ ಬಿಡುವ ಹೊತ್ತಿಗೆ ಹೋಗಿ ಅಂಗಳದಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿದೆ. ‘ಲಾಯಿಕ್ ಉಂಟು ಪ್ರೊಫೆಸರ್.’ ಯಾವ ಭಾಗ ಲಾಯಿಕ್ ಎಂದು ಕೇಳಿದೆ. ‘ಎಲ್ಲ ಲಾಯಿಕ್.’ ನೋಡಿದ್ದೀರಾ ಎಂದು ಕೇಳಿದೆ. ‘ನೋಡಬೇಕು.’ ಇಗರ್ಜಿಯ ಎದುರು ಜಿನಸಿನ ಅಂಗಡಿ ಇಟ್ಟಿರುವ ಹಮೀದ್ ಕಾಕ ಒಬ್ಬರೇ ಮೊಬೈಲು ತೆಗೆದು ನೋಡಿ, ‘ಗಂಟೆ ಎಲ್ಲಿ ಹೋಯಿತು ಸರ್?’ ಎಂದರು. ತೆಗೆದೆ ಎಂದೆ. ‘ಹೌದಾ? ನಮ್ಮ ಮೊಮ್ಮಗಳು ಅದನ್ನು ಕೇಳಿಯೇ ಅನ್ನ ಉಣ್ಣುತ್ತಿದ್ದದ್ದು’ ಎಂದು ಬೇಸರದಿಂದ ಮೊಬೈಲನ್ನು ಅಕ್ಕಿ ಮುಡಿಯ ಮೇಲಿಟ್ಟರು.

ಎದುರಿಗೆ ಕೇಳಿದರೆ ಸತ್ಯ ಬಾರದು, ಮರೆಯಲ್ಲಿ ಬರೆಯಲು ಬಿಡಬೇಕು ಎಂದು ತೀರ್ಮಾನಿಸಿ, ಬರೆದವರ ಹೆಸರೂ ಮಾತೂ ನನಗೊಬ್ಬನಿಗೇ ಬರುವ ಹಾಗೆ ವೆಬ್‌ಸೈಟಿನಲ್ಲಿ ಅಭಿಪ್ರಾಯಕ್ಕೆಂದು ಒಂದು ಜಾಗ ಮಾಡಿದೆ. ಮೇಲೆ ಅಲಂಕಾರಕ್ಕೆ ಒಂದು ಚಿತ್ರ ಇಟ್ಟೆ: ಕಂದು ಬಣ್ಣದ ಪುಟ್ಟ ಪೆಟ್ಟಿಗೆ, ಅದರ ನೆತ್ತಿಯಲ್ಲಿ ಚೀಟಿ ಹಾಕುವ ಸೀಳು. ಇಲ್ಲಿ ನಾನು ಎಡವಿದ್ದು. ನಮ್ಮ ಇಗರ್ಜಿಯಲ್ಲಿ ಸಂತ ಅಂತೋನಿಯ ಪ್ರತಿಮೆಯ ಬದಿಯಲ್ಲಿ ಅಂಥದ್ದೇ ಒಂದು ಮರದ ಪೆಟ್ಟಿಗೆ ಇದೆ. ಜನ ತಮ್ಮ ಬೇಡಿಕೆಗಳನ್ನೂ ಕೃತಜ್ಞತೆಗಳನ್ನೂ ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ಮಂಗಳವಾರದ ನೊವೆನಾ ಪ್ರಾರ್ಥನೆಯಲ್ಲಿ ಫಾದರ್ ಹೆಸರು ಹೇಳದೆ ಅವನ್ನು ಓದುತ್ತಾರೆ. ನಮ್ಮವರು ಮಾತ್ರವಲ್ಲ, ಸುತ್ತಲಿನ ಎಲ್ಲ ಜಾತಿಯವರೂ ಬರುತ್ತಾರೆ. ಇಗರ್ಜಿಗೆ ಸಂಬಂಧಪಟ್ಟ ಪೆಟ್ಟಿಗೆಯೊಳಗೆ ಏನು ಹಾಕಬೇಕೆಂದು ಈ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ನಾನು ಬರೆದ ಸೂಚನೆಯನ್ನು ಒಬ್ಬನೂ ಓದಲಿಲ್ಲ.

ಮೊದಲನೆಯ ಅಭಿಪ್ರಾಯ ಬಂದಾಗ ಕಾಲೇಜಿನಲ್ಲಿದ್ದೆ. ಆಸೆಯಿಂದ ತೆರೆದರೆ, ‘ಬನ್ನಂಜೆಯ ನಮ್ಮ ಮನೆಯ ಬಾಡಿಗೆಯವನು ಜಗಳವಿಲ್ಲದೆ ಬಿಟ್ಟು ಹೋಗಲಿ’ ಎಂದಿತ್ತು. ಎರಡನೆಯದು, ‘ಮಗಳು ಒಬ್ಬ ಹುಡುಗನನ್ನು ತೋರಿಸುತ್ತೇನೆಂದು ಹೇಳುತ್ತಿದ್ದಾಳೆ, ಅವನು ಮೀನು ತಿನ್ನುವವನಾಗಿರಲಿ.’ ಮೂರನೆಯದು, ‘ಗಾಯನ ಮಂಡಳಿಯ ಸ್ಟೆಲ್ಲಾ ಸ್ವಲ್ಪ ಕೆಳಗಿನ ಶ್ರುತಿಯಲ್ಲಿ ಹಾಡುವಂತಾಗಲಿ.’ ವೆಬ್‌ಸೈಟಿನ ಬಣ್ಣದ ಬಗ್ಗೆ, ಅಕ್ಷರದ ಬಗ್ಗೆ ಒಂದು ಮಾತಿಲ್ಲ. ಫಾದರಿಗೆ ಹೇಳಿದರೆ ಅವರಿಗೆ ಬಹಳ ಸಂತೋಷ. ‘ಕಳಿಸಿ ಕಳಿಸಿ, ಮಂಗಳವಾರ ಓದುವ’ ಅಂದರು. ಹಾಗೆ ದೇವರಿದ್ದಾನೋ ಇಲ್ಲವೋ ಎಂದು ಇನ್ನೂ ತೀರ್ಮಾನಿಸದ ನಾನು, ದೇವರಿಗೆ ಬರುವ ಟಪಾಲನ್ನು ವಿಂಗಡಿಸುವವನಾದೆ.

ಆ ಟಪಾಲಿನಲ್ಲಿ ಸೆಲಿನ್ ಬಾಯಿಯದೂ ಒಂದಿತ್ತು. ನಮ್ಮಲ್ಲಿ ಹಿರಿಯ ಹೆಂಗಸರನ್ನು ಬಾಯಿ ಎಂದು ಕರೆಯುವುದು. ಇವರು ಇಗರ್ಜಿಯ ಹಿಂದಿನ ಮನೆಯವರು, ಮೊಣಕಾಲಿನ ಆಪರೇಷನ್ ಆಗಿ ಹೊರಗೆ ಕಾಲಿಡುವ ಹಾಗಿಲ್ಲ. ಸೊಸೆಯ ಮೊಬೈಲಿನಿಂದ ಬರೆದಿದ್ದರು: ‘ಸಂತ ಅಂತೋನಿ, ಕಳೆದು ಹೋದದ್ದನ್ನು ಹುಡುಕಿಕೊಡುವವನು ನೀನು. ನನ್ನ ತಂಗಿ ಮೇರಿ ಕಳೆದು ಹೋಗಿಲ್ಲ, ಅಜೆಕಾರಿನಲ್ಲಿದ್ದಾಳೆ. ಅಮ್ಮನ ಕಡೆಯುವ ಕಲ್ಲೂ ಅಲ್ಲಿಯೇ ಉಂಟು. ಕಲ್ಲು ಅವಳೇ ಇಟ್ಟುಕೊಳ್ಳಲಿ. ಮೊಂತಿ ಹಬ್ಬದ ಊಟಕ್ಕೆ ಅವಳು ಬಂದರೆ ಸಾಕು.’ ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು, ಅದರ ಕಾಳುಗಳನ್ನು ಅರೆದು ತೆಂಗಿನ ಹಾಲಿನಲ್ಲಿ ಸೇರಿಸಿ, ಕುಟುಂಬದವರೆಲ್ಲ ಒಟ್ಟಿಗೆ ಕೂತು ಉಣ್ಣುವ ಹಬ್ಬ ಅದು. ಆ ಕಾಳುಗಳನ್ನು ಅವರ ಅಮ್ಮ ಅರೆಯುತ್ತಿದ್ದದ್ದು ಆ ಕಲ್ಲಿನಲ್ಲಿ. ಅಮ್ಮ ಹೋದ ಮೇಲೆ ಮೇರಿ ಬಾಯಿ ಯಾರನ್ನೂ ಕೇಳದೆ ಕಲ್ಲನ್ನು ಅಜೆಕಾರಿಗೆ ಸಾಗಿಸಿದ್ದರು. ಅಂದಿನಿಂದ ಅಕ್ಕತಂಗಿಗೆ ಮಾತಿಲ್ಲ. ಓದಿ ನನಗೂ ಒಂದು ಗಳಿಗೆ ಏನೋ ಆಯಿತು. ಹೆಸರು ತೆಗೆದು ಫಾದರಿಗೆ ಕಳಿಸಿದೆ.

ಮುಂದಿನ ಭಾನುವಾರ ಸಕ್ಕರೆ ತರಲು ಹೋದಾಗ ಹಮೀದ್ ಕಾಕ ಕೇಳಿದರು, ‘ಸರ್, ಸೆಲಿನ್ ಬಾಯಿಯ ತಂಗಿ ಹಬ್ಬಕ್ಕೆ ಬರ್ತಾರಂತಾ?’

‘ನಿಮಗೆ ಹೇಗೆ ಗೊತ್ತು?’

‘ಎಂತ ಸರ್, ನೀವೇ ಹಾಕಿದ್ದಲ್ವಾ. ಹೂಡೆಯಲ್ಲಿ ನನ್ನ ಹೆಂಡತಿಯ ಅಕ್ಕನೂ ಓದಿದ್ದಾಳೆ. ದಿನಾ ಓದುತ್ತಾಳೆ. ಕಲ್ಲು ಬಿಡಬಾರದಿತ್ತು ಅಂತ ಅವಳ ಅಭಿಪ್ರಾಯ.’

ಅವರ ಮೊಬೈಲಿನಲ್ಲಿ ನಮ್ಮ ವೆಬ್‌ಸೈಟು ತೆರೆದಿತ್ತು. ಹೋಟೆಲಿನ ಆ ಮಾದರಿಯಲ್ಲಿ ತೀರ ಕೆಳಗೆ, ಉಂಡು ಹೋದ ಗಿರಾಕಿಗಳ ಹೊಗಳಿಕೆ ಸರಿಯುತ್ತಾ ಹೋಗುವ ಒಂದು ಪಟ್ಟಿಯಿತ್ತು. ಅದನ್ನು ತೆಗೆದಿದ್ದೇನೆಂದು ನಾನು ನಂಬಿದ್ದೆ. ತೆಗೆದಿರಲಿಲ್ಲ. ಇಡೀ ಊರಿನ ಬೇಡಿಕೆಗಳು ಹೆಸರಿನೊಡನೆ ಒಂದೊಂದಾಗಿ ಸರಿಯುತ್ತಿದ್ದವು, ಪ್ರತಿಯೊಂದರ ಬದಿಯಲ್ಲಿ ಹಳದಿ ಬಣ್ಣದ ಐದು ನಕ್ಷತ್ರ. ಬಾಡಿಗೆಯವನಿಗೆ ಐದು ನಕ್ಷತ್ರ, ಮೀನು ತಿನ್ನುವ ಅಳಿಯನಿಗೆ ಐದು ನಕ್ಷತ್ರ. ಆ ದಿನ ಬೆಳಿಗ್ಗೆ ಸ್ಟೆಲ್ಲಾ ಯಾಕೆ ಬಾಯಿಯನ್ನೇ ತೆರೆಯಲಿಲ್ಲವೆಂದು ಜೆಸಿಂತಾ ಮನೆಗೆ ಬಂದು ಆಶ್ಚರ್ಯಪಟ್ಟದ್ದು ನೆನಪಾಯಿತು.

ಸಂದೇಶಗಳನ್ನು ಎಲ್ಲರಿಗೂ ತೋರಿಸಬೇಕೇ ಎಂದು ಆ ಮಾದರಿ ಕೇಳುತ್ತದೆ. ಬೇಕಾದರೆ ಒಂದು ಚೌಕದಲ್ಲಿ ಗುರುತು ಹಾಕಬೇಕು. ನಾನು ಹಾಕಿದೆನೇ? ಹಾಕಲಿಲ್ಲವೆಂದು ಒಂದು ಮನಸ್ಸು ಪ್ರಮಾಣ ಮಾಡುತ್ತಿತ್ತು. ಹಾಕುವಾಗಿನ ನನ್ನ ಬೆರಳು ಇನ್ನೊಂದು ಮನಸ್ಸಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ನೆನಪಿನ ಮೇಲೆ ನನಗೆ ಭರವಸೆ ಹೋಗಿ ಬಹಳ ಕಾಲವಾಯಿತು. ಮದುವೆಗೆ ಮೊದಲು ಕಾರ್ಕಳದ ಬಸ್ ನಿಲ್ದಾಣದಲ್ಲಿ ಜೆಸಿಂತಾಳ ಭಾರದ ಚೀಲವನ್ನು ಎತ್ತಿ ಬಸ್ಸಿಗೆ ಹಾಕಿದ್ದನ್ನು ನಾನು ಎಷ್ಟೋ ಜನರಿಗೆ ವರ್ಣಿಸಿದ್ದೇನೆ, ಚೀಲದ ಬಣ್ಣ ಸಹಿತ. ಒಂದು ದಿನ ಅವಳು ತರಕಾರಿ ಹೆಚ್ಚುತ್ತಾ, ‘ಅದು ನೀವಲ್ಲ’ ಅಂದಳು. ಮತ್ತೆ ಯಾರು ಎಂದು ಕೇಳಿದೆ. ಬೆಂಡೆಕಾಯಿ ಲಾಯಿಕ್ ಉಂಟು ಅಂದಳು.

ಸೆಲಿನ್ ಬಾಯಿಯ ಮನೆಗೆ ಹೋದೆ. ಜಗಲಿಯಲ್ಲಿ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ನಮ್ಮ ಮಾತೆಲ್ಲ ಕೊಂಕಣಿಯಲ್ಲಿ. ‘ಬಾಯಿ, ಒಂದು ತಪ್ಪಾಗಿದೆ’ ಎಂದೆ.

‘ಗೊತ್ತುಂಟು. ಸೊಸೆ ತೋರಿಸಿದಳು. ನಕ್ಷತ್ರ ಎಂತಕ್ಕೆ?’

‘ಅದು ಹೋಟೆಲಿನದ್ದು. ಈಗಲೇ ಎಲ್ಲ ಅಳಿಸಿ ಹಾಕುತ್ತೇನೆ.’

ಅವರು ಸ್ಟೂಲಿನ ಮೇಲಿನ ಕಾಲನ್ನು ಸರಿಮಾಡಿ ಇಟ್ಟುಕೊಂಡರು. ಆಮೇಲೆ, ‘ಊರಿನವರು ಓದಿದ್ದಕ್ಕೆ ನನಗೆ ಏನೂ ಇಲ್ಲ ಪ್ರೊಫೆಸರ್’ ಅಂದರು. ‘ಮೊದಲಾದರೆ ಅವಳು ಬಾರದಿದ್ದರೆ ನನಗೂ ಸಂತ ಅಂತೋನಿಗೂ ಮಾತ್ರ ಗೊತ್ತಾಗುತ್ತಿತ್ತು. ಈಗ ಊರಿಗೆ ಊರೇ ಕಾಯುತ್ತಾ ಕೂತಿದೆ.’

‘ಅದಕ್ಕೇ ಅಳಿಸುತ್ತೇನೆ ಅಂದದ್ದು.’

‘ಬೇರೆಯವರದ್ದು ಅಳಿಸಿ. ನನ್ನದು ಬೇಡ. ಅವಳು ಓದಿಯಾಗಿದ್ದರೆ? ಅಕ್ಕ ಮಾತು ಹಿಂದಕ್ಕೆ ತೆಗೆದುಕೊಂಡಳು ಅಂತ ಆಗುವುದಿಲ್ವಾ? ಇರಲಿ. ಹಬ್ಬದ ದಿನ ನೀವೂ ಜೆಸಿಂತಾನೂ ಊಟಕ್ಕೆ ಇಲ್ಲಿಗೇ ಬನ್ನಿ. ಅವಳು ಬಾರದಿದ್ದರೆ ಎಲೆ ಖಾಲಿ ಇರಬಾರದು.’

ಹೀಗೆ ನಮ್ಮ ಇಗರ್ಜಿಯ ವೆಬ್‌ಸೈಟಿನಲ್ಲಿ ಸೆಲಿನ್ ಬಾಯಿಯ ಬೇಡಿಕೆ ಒಂದೇ ಉಳಿಯಿತು. ಜೊತೆಗೆ ಯಾರೂ ಇಲ್ಲದ ಕಾರಣ ಅದು ಬಲದಿಂದ ಎಡಕ್ಕೆ ಹೋಗಿ, ಮತ್ತೆ ಬಲದಿಂದಲೇ ಬರುತ್ತಿತ್ತು. ನಾನು ಅದನ್ನು ನೋಡುತ್ತಾ ಎಷ್ಟು ಕೂತೆನೆಂದು ಹೇಳಿದರೆ ನನ್ನ ವಿದ್ಯಾರ್ಥಿಗಳು ನಂಬಲಾರರು. ಅಜೆಕಾರಿಗೆ ಹೋಗಿ ಮೇರಿ ಬಾಯಿಯ ಕಾಲು ಹಿಡಿಯೋಣವೇ ಎಂದು ಜೆಸಿಂತಾಳನ್ನು ಕೇಳಿದೆ. ‘ನೀವು ಹೋಗಿ ಮಾತಾಡಿದರೆ ಬರುವವಳೂ ಬರಲಿಕ್ಕಿಲ್ಲ’ ಅಂದಳು. ಇದೊಂದು ಅಭಿಪ್ರಾಯ ಮಾತ್ರ ಸ್ಪಷ್ಟವಾಗಿತ್ತು.

ಹಬ್ಬದ ದಿನ ಮಕ್ಕಳು ಮಾತೆಯ ಪ್ರತಿಮೆಗೆ ಹೂ ಹಾಕುತ್ತಾ ಹಾಡಿದರು, ಸ್ಟೆಲ್ಲಾ ಕೆಳಗಿನ ಶ್ರುತಿಯಲ್ಲಿ ಬಹಳ ಚೆನ್ನಾಗಿ ಹಾಡಿದಳು, ತೆನೆ ಹಂಚಿಕೆಯಾಯಿತು. ಸೆಲಿನ್ ಬಾಯಿಯ ಮನೆಯಲ್ಲಿ ಎಲೆ ಹಾಕಿಯಾಯಿತು. ಸೊಸೆ ಕಾಳುಗಳನ್ನು ಮಿಕ್ಸಿಗೆ ಹಾಕಲೇ ಎಂದು ಕೇಳಿದರೆ ಬಾಯಿ, ‘ಸ್ವಲ್ಪ ತಡಿ’ ಅಂದರು. ಮತ್ತೊಮ್ಮೆ ಕೇಳಿದಾಗಲೂ ‘ಸ್ವಲ್ಪ ತಡಿ’. ಹಮೀದ್ ಕಾಕ ಅಂಗಡಿಯ ಒಳಗೆ ಕೂರಲಾಗದೆ ಸೆಲಿನ್ ಬಾಯಿಯ ಗೇಟಿನ ತನಕ ಬಂದು, ಬಾಳೆಲೆ ಸಾಕಾಯಿತಾ ಎಂದು ವಿಚಾರಿಸಿ ಹೋದರು. ನನ್ನ ಎದುರಿನ ಎಲೆ ತಂಗಿಯದು ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಕುರ್ಚಿಯ ತುದಿಯಲ್ಲಿ, ಏಳಲು ಅನುಕೂಲವಾಗುವ ಹಾಗೆ ಕೂತಿದ್ದೆ.

ಅಷ್ಟರಲ್ಲಿ ಹೊರಗೆ ಒಂದು ಗೂಡ್ಸ್ ಟೆಂಪೊ ನಿಂತಿತು. ಡ್ರೈವರನ ಪಕ್ಕದಿಂದ ಹಬ್ಬದ ಸೀರೆ ಉಟ್ಟ ದಪ್ಪನೆಯ ಹೆಂಗಸೊಬ್ಬರು ಇಳಿದು, ಯಾರ ಮುಖವನ್ನೂ ನೋಡದೆ, ‘ಯಾರಾದರೂ ಗಂಡಸರು ಉಂಟಾ ಇಲ್ಲಿ? ಕಲ್ಲು ಇಳಿಸಬೇಕು’ ಅಂದರು.

ಸೆಲಿನ್ ಬಾಯಿ ಕೂತಲ್ಲಿಂದಲೇ, ‘ಕಲ್ಲು ನೀನೇ ಇಟ್ಟುಕೋ ಅಂತ ಬರೆದಿದ್ದೆನಲ್ಲ’ ಅಂದರು.

‘ಹೌದು, ಬರೆದಿದ್ದೀ. ಅಕ್ಕ ದೊಡ್ಡ ಮನಸ್ಸಿನವಳು, ತಂಗಿ ಕಲ್ಲು ಕದ್ದವಳು ಅಂತ ಲೋಕಕ್ಕೆಲ್ಲ ಗೊತ್ತಾಯಿತು. ಕಾರ್ಕಳ ಮಾರ್ಕೆಟ್ಟಿನಲ್ಲಿ ಮೀನಿನವಳು ಕೇಳುತ್ತಾಳೆ, ಬಾಯಿ, ಹಬ್ಬಕ್ಕೆ ಹೋಗುವುದಿಲ್ವಾ ಅಂತ. ನನಗೆ ಮರ್ಯಾದೆ ಇಲ್ವಾ? ನಿನ್ನ ಕಲ್ಲು ನಿನಗೆ.’

‘ಕಾಲು ಸರಿ ಇದ್ದರೆ ಎದ್ದು ಬಂದು ನಿನಗೆ ಎರಡು ಕೊಡುತ್ತಿದ್ದೆ.’

‘ಅಲ್ಲಿಗೇ ಬರುತ್ತೇನೆ, ಕೊಡು.’

ಮೇರಿ ಬಾಯಿ ಜಗಲಿ ಹತ್ತಿದರು. ಎರಡು ಕೊಟ್ಟರೋ ಇಲ್ಲವೋ ನನಗೆ ಕಾಣಲಿಲ್ಲ, ಯಾಕೆಂದರೆ ನಾನೂ ಡ್ರೈವರನೂ ಕಲ್ಲಿನ ಅಡಿಯಲ್ಲಿದ್ದೆವು. ಆ ಕಲ್ಲಿನ ಭಾರದ ಬಗ್ಗೆ ನನ್ನ ಸೊಂಟ ಇವತ್ತಿಗೂ ಸಾಕ್ಷಿ ಹೇಳುತ್ತದೆ. ತೊಳೆದು, ಹೊಸ ಕಾಳನ್ನು ಅದರಲ್ಲಿಯೇ ಅರೆದರು. ಮೇರಿ ಬಾಯಿ ಅರೆಯುವುದು, ಸೆಲಿನ್ ಬಾಯಿ ಕುರ್ಚಿಯಲ್ಲಿ ಕೂತು ಇನ್ನೂ ನುಣ್ಣಗೆ, ಇನ್ನೂ ನುಣ್ಣಗೆ ಎನ್ನುವುದು. ಊಟಕ್ಕೆ ಜಾಗ ಸಾಲದೆ ನಾನು ನಿಂತೇ ಉಂಡೆ. ಅಷ್ಟು ರುಚಿಯಾದ ಊಟ ನನಗೆ ನೆನಪಿಲ್ಲ. ಆದರೆ ನನ್ನ ನೆನಪು ಆಧಾರವಲ್ಲ ಎಂದು ಮೊದಲೇ ಹೇಳಿದ್ದೇನೆ.

ಕೈ ತೊಳೆದು ಬಂದು ಕೂತಾಗ ಸೆಲಿನ್ ಬಾಯಿ, ‘ಮಂಗಳವಾರ ಸಂತ ಅಂತೋನಿಗೆ ಕೃತಜ್ಞತೆ ಬರೆಯಬೇಕು’ ಅಂದರು. ನನ್ನ ಒಳಗಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ‘ಬಾಯಿ, ಸಂತರನ್ನು ಯಾಕೆ ಎಳೆಯುತ್ತೀರಿ? ಒಂದು ಚೌಕದಲ್ಲಿ ಗುರುತು ಬಿದ್ದಿತ್ತು, ಅದರಿಂದ ಎಲ್ಲರಿಗೂ ಕಾಣಿಸಿತು, ಅದರಿಂದ ಮೇರಿ ಬಾಯಿಗೆ ಗೊತ್ತಾಯಿತು. ಕಾರಣ, ಕಾರ್ಯ, ಅಷ್ಟೇ.’

‘ಆ ಗುರುತು ನೀವು ಹಾಕಿದ್ದಾ?’

‘ಇರಬಹುದು.’

‘ಹಾಕಿದ್ದು ನೆನಪುಂಟಾ?’

‘ಸರಿಯಾಗಿ ನೆನಪಿಲ್ಲ.’

‘ನಿಮಗೆ ನೆನಪಿಲ್ಲದಿದ್ದರೆ ನೀವು ಹಾಕಿದ್ದಲ್ಲ’ ಅಂದರು ಸೆಲಿನ್ ಬಾಯಿ, ಅತ್ಯಂತ ಸಮಾಧಾನದಿಂದ. ಜೆಸಿಂತಾ ಮುಖ ತಿರುಗಿಸಿ ನಕ್ಕಳು. ಇಷ್ಟು ವರ್ಷ ಪಾಠ ಮಾಡಿದ ತರ್ಕದಲ್ಲಿ ಇದಕ್ಕೆ ಒಂದು ಉತ್ತರವಿರಲೇಬೇಕು ಎಂದು ನಾನು ಹುಡುಕುತ್ತಿದ್ದೆ.

ಆಗ ಮೇರಿ ಬಾಯಿ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಮೊಬೈಲಿನಲ್ಲಿ ನಮ್ಮ ವೆಬ್‌ಸೈಟನ್ನು ತೆರೆದು, ಒಮ್ಮೆ ಹತ್ತಿರ ಹಿಡಿದು ಒಮ್ಮೆ ದೂರ ಹಿಡಿದು ನೋಡಿದರು. ‘ಅಕ್ಷರ ಇರುವೆ ಹರಿದ ಹಾಗೆ. ಬಿಳಿಯ ಮೇಲೆ ಹಳದಿ, ಕಣ್ಣಿಗೆ ಕಾಣುತ್ತದಾ ಇದು? ಪೂಜೆ ಎಷ್ಟು ಗಂಟೆಗೆ ಅಂತ ಹುಡುಕಿ ಹುಡುಕಿ ಸಾಕಾಯಿತು. ಮೊದಲಿನದ್ದು ಎಷ್ಟು ಲಾಯಿಕ್ ಇತ್ತು, ಗಂಟೆ ಎಲ್ಲ ಬಾರಿಸುತ್ತಿತ್ತು. ಯಾರು ಮಾಡಿದ್ದು ಇದನ್ನು?’

ಜಗಲಿಯಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೊಂಟ ನೀವಿಕೊಂಡೆ.

‘ನೆನಪಾಗುತ್ತಾ ಇಲ್ಲ ಬಾಯಿ’ ಎಂದೆ.