ಮುನ್ನೂರ ಅರವತ್ತು ಕುದುರೆಗಳು

ಶೇಷಾದ್ರಿ ಹಳೆಯ ಕಾರು ಕೊಂಡದ್ದು ಅಂಥ ದೊಡ್ಡ ತಪ್ಪೇನಲ್ಲ. ಹೆಂಡತಿಗೆ ಹೇಳದೆ ಕೊಂಡದ್ದನ್ನೂ ಬೇಕಾದರೆ ಕ್ಷಮಿಸಬಹುದು. ಆದರೆ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅದನ್ನು ಸ್ಟಾರ್ಟ್ ಮಾಡಿ ನೋಡಿದನಲ್ಲ, ಅದಕ್ಕೆ ಮಾತ್ರ ಕ್ಷಮೆಯಿಲ್ಲ.

ಗ್ಯಾರೇಜಿನ ಗೋಡೆ ನಡುಗಿತು. ಇಲಿನಾಯ್‌ನ ಹಾಫ್‌ಮನ್ ಎಸ್ಟೇಟ್ಸ್ ಊರಿನ ಆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಪಕ್ಕದ ಮನೆಯ ಕಲ್ಮೇಶ್ ಬನಿಯನ್ನಿನಲ್ಲೇ ಓಡಿ ಬಂದ. ಒಳಗಿನಿಂದ ವಸುಧಾ ಸೌಟು ಹಿಡಿದುಕೊಂಡೇ ಬಂದಳು.

“ಭೂಕಂಪ ಆತೇನ್ರೀ, ಶೇಷಾದ್ರಿಯವ್ರ?”

“ಭೂಕಂಪ ಅಲ್ಲ ಕಲ್ಮೇಶ್, ವಿ-ಎಯ್ಟ್!” ಶೇಷಾದ್ರಿ ಖುಷಿಯಲ್ಲಿ ಮೈಮರೆತಿದ್ದ. “ಎಪ್ಪತ್ತನೇ ಇಸವಿ ಶೆವೆಲ್. ಏಳು ಪಾಯಿಂಟ್ ನಾಲ್ಕು ಲೀಟರ್ ಎಂಜಿನ್, ಮುನ್ನೂರ ಅರವತ್ತು ಕುದುರೆ ಶಕ್ತಿ! ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಬಾನೆಟ್ ಮೇಲಿರೋ ಈ ಮುಚ್ಚಳ ತಾನಾಗೇ ತೆರ್ಕೊಂಡು ಗಾಳಿ ಕುಡಿಯುತ್ತೆ!”

“ಯಾರದು ಇದು?” ವಸುಧಾ ಕೇಳಿದಳು.

“ನಮ್ದೇ.”

“ಹೋದ ವಾರ ಡೆಟ್ರಾಯಿಟ್‌ನಲ್ಲಿ ಯಾರದೋ ಗೃಹಪ್ರವೇಶ ಅಂದ್ರಿ?”

ಗೃಹಪ್ರವೇಶ ಬರೀ ನೆಪ. ಅಲ್ಲಿ, ಕೆಲಸ ಕಳೆದುಕೊಂಡ ಎಂಜಿನಿಯರೊಬ್ಬ ಕಣ್ಣೊರೆಸಿಕೊಂಡು ಇದನ್ನು ಮಾರಿದ್ದ. ನಿನ್ನೆ ವಸುಧಾ ಆಫೀಸಿನಲ್ಲಿದ್ದಾಗ ಅದು ಟ್ರಕ್ಕಿನಲ್ಲಿ ಬಂದಿಳಿದಿತ್ತು. ಗ್ಯಾರೇಜಿನ ಬಾಗಿಲು ಕೆಟ್ಟಿದೆಯೆಂದು ಹೇಳಿ ಶೇಷಾದ್ರಿ ಒಂದು ರಾತ್ರಿ ಕಳೆದಿದ್ದ. ಹೈಸ್ಕೂಲಿನಲ್ಲಿ ಹಳೆಯ ಕ್ಯಾಲೆಂಡರಿನಿಂದ ಈ ಕಾರಿನ ಚಿತ್ರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡವನು ಅವನು. ಕೈಗೆ ಸಿಕ್ಕಿದ್ದನ್ನು ಬಿಡುವುದುಂಟೇ?

“ಇದು ಎರಡು ಸಾವಿರದ ಒಂಬತ್ತನೇ ಇಸವಿ ಕಣ್ರೀ, ಕೆಲಸ ಹೋಗೋ ಕಾಲ! ನಿಮ್ಮ ಆಫೀಸಲ್ಲಿ ಅರ್ಧ ಜನರನ್ನ ಮನೆಗೆ ಕಳಿಸಿದಾರೆ. ಈಗ ಕುದುರೆ ಬೇಕಿತ್ತಾ ನಿಮಗೆ? ಗ್ಯಾಲನ್‌ಗೆ ಎಷ್ಟು ಮೈಲಿ ಕೊಡುತ್ತೆ?”

“ಹತ್ತು... ಇಳಿಜಾರು ಸಿಕ್ಕಿದ್ರೆ.”

“ಇಲಿನಾಯ್‌ನಲ್ಲಿ ಇಳಿಜಾರು ಎಲ್ಲಿದೆ?”

ಕಲ್ಮೇಶ್‌ಗೆ ಉಪಕಾರ ಮಾಡುವ ಹುಮ್ಮಸ್ಸು ಬಂತು. “ವೈನಿ, ಚಿಂತಿ ಬಿಡ್ರಿ. ಸರ್ಕಾರದ ಸ್ಕೀಮ್ ಬಂದೈತಲ್ಲ? ಪೆಟ್ರೋಲ್ ಕುಡಿಯೋ ಹಳೇ ಗಾಡಿ ಕೊಟ್ರ ಹೊಸಾ ಗಾಡಿಗೆ ಭಾಳ ಕಡಿಮಿ ಮಾಡ್ತಾರ. ಹಳೇದರ ಎಂಜಿನ್‌ಗೆ ಏನೋ ಹಾಕಿ ಅಲ್ಲೇ ಕೊಂದ್ಬಿಡ್ತಾರ.”

“ಕೊಲ್ತಾರಾ?” ಶೇಷಾದ್ರಿ ಬಾನೆಟ್ಟಿಗೆ ಅಡ್ಡ ನಿಂತ.

“ಹೊರಡಿ,” ಎಂದಳು ವಸುಧಾ.

ಪಕ್ಕದೂರು ಶಾಮ್‌ಬರ್ಗ್‌ನ ಕಾರು ಡೀಲರ್ ಕಡೆಗೆ ಮೆರವಣಿಗೆ ಹೊರಟಿತು. ಮುಂದೆ ಗಂಡ ಹೆಂಡತಿ ಶೆವೆಲ್‌ನಲ್ಲಿ. ಹೊಸ ಕಾರು ಇವತ್ತೇ ಸಿಗದಿದ್ದರೆ ವಾಪಸ್ ಬರಲು ಗಾಡಿ ಬೇಕಲ್ಲ ಎಂದು, ಮನೆಯ ಹಳೆಯ ಮಿನಿವ್ಯಾನಿನಲ್ಲಿ ಮಗಳು ಧೃತಿಯನ್ನು ಕೂರಿಸಿಕೊಂಡು ಕಲ್ಮೇಶ್ ಹಿಂದೆ.

ಕ್ಲಚ್ಚು ರುಬ್ಬುಗುಂಡಿನಷ್ಟು ಭಾರ. ಮೊದಲ ಸಿಗ್ನಲ್ಲಿನಲ್ಲೇ ಕಾರು ಮೂರು ಸಲ ಆಫ್ ಆಗಿ ನಿಂತಿತು. ಹಿಂದಿನವರ ಹಾರ್ನ್‌ಗೆ ಶೇಷಾದ್ರಿ ಬೆವತುಹೋದ.

“ಕ್ಲಚ್ ಪೂರ್ತಿ ಒತ್ತಿ. ಈಗ ನಿಧಾನಕ್ಕೆ ಬಿಡಿ,” ವಸುಧಾ ಹಲ್ಲು ಕಚ್ಚಿ ಹೇಳಿದಳು. “ನಾನು ಕಲಿತ ಅಪ್ಪನ ಅಂಬಾಸಡರ್ ಕ್ಲಚ್ಚು ಇದರಪ್ಪನ ಹಾಗಿತ್ತು.”

ಕಾರು ಹೊರಟಿತು. ರಸ್ತೆ ಖಾಲಿಯಾಗಿತ್ತು. ಹೆಂಡತಿಯ ಮನಸ್ಸು ತಿರುಗಿಸಲು ಇದೇ ಕೊನೆಯ ಅವಕಾಶವೆಂದು ಶೇಷಾದ್ರಿ ಆಕ್ಸಿಲರೇಟರನ್ನು ತಳಕ್ಕೆ ತುಳಿದ. ಬಾನೆಟ್ಟಿನ ಮುಚ್ಚಳ ಪಟಕ್ಕನೆ ತೆರೆಯಿತು. ಮುನ್ನೂರ ಅರವತ್ತು ಕುದುರೆಗಳೂ ಒಮ್ಮೆಲೇ ಹಗ್ಗ ಕಿತ್ತವು! ಬೆನ್ನು ಸೀಟಿಗಂಟಿತು, ಮರಗಳೆಲ್ಲ ಹಿಂದಕ್ಕೆ ಓಡಿದವು. “ಅಯ್ಯಯ್ಯೋ!” ಎಂದು ಕೂಗಿ ವಸುಧಾ ಕಣ್ಣು ಮುಚ್ಚಿದಳು. ಆಮೇಲೆ ಡೀಲರ್ ಅಂಗಡಿ ಬರುವವರೆಗೂ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಳು. ತನ್ನ ಕತೆ ಮುಗಿಯಿತು ಎಂದುಕೊಂಡ ಶೇಷಾದ್ರಿ.

ಡೀಲರ್‌ನ ಸೇಲ್ಸ್‌ಮನ್ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ತಲೆಯ ಟೋಪಿ ತೆಗೆದ. ಇದನ್ನು ಕೊಲ್ಲುವುದೇ? ಮಹಾಪಾಪ ಎಂದ. ಅಲ್ಲದೆ ಇಪ್ಪತ್ತೈದು ವರ್ಷ ದಾಟಿದ ಕಾರು ಸ್ಕೀಮಿಗೆ ಬರುವುದೇ ಇಲ್ಲವಂತೆ.

ಶೇಷಾದ್ರಿ ಅವನನ್ನು ಬಾಚಿ ತಬ್ಬಿಕೊಂಡ. ಶೇಷಾದ್ರಿಯ ಭುಜದ ಮೇಲಿನಿಂದ ಸೇಲ್ಸ್‌ಮನ್ನನ ಕಣ್ಣು, ಆಯಿಲ್ ಸೋರಿಸುತ್ತ ನಿಂತಿದ್ದ ಮಿನಿವ್ಯಾನಿನ ಮೇಲೆ ಬಿತ್ತು. ಅದು ಯಾವ ವರ್ಷದ್ದು ಎಂದು ಕೇಳಿದ.

“ತೊಂಬತ್ತಾರು!” ಎಂದಳು ವಸುಧಾ.

ಅದು ಸ್ಕೀಮಿಗೆ ಹೇಳಿ ಮಾಡಿಸಿದಂತಿತ್ತು. ಶೇಷಾದ್ರಿ ತೋರಿಸಿದಲ್ಲೆಲ್ಲ ಸಹಿ ಹಾಕಿದ. ತನ್ನ ಕಾರು ಉಳಿದರೆ ಸಾಕು, ವ್ಯಾನು ಹಾಳಾಗಿ ಹೋಗಲಿ! ಸಂಜೆಯ ಹೊತ್ತಿಗೆ ಹಿಂದಿನ ಶೆಡ್ಡಿನಲ್ಲಿ ವ್ಯಾನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಾಗಿಲಲ್ಲಿ ಪುಟ್ಟದೊಂದು ಹೊಸ ಕಾರು ಬಂದು ನಿಂತಿತು.

“ತಗೋ, ಹೊಸ ಕಾರಿನ ಕೀ ನಿಂದು,” ಶೇಷಾದ್ರಿ ಉದಾರನಾದ.

“ಬೇಡ, ನೀವೇ ಇಟ್ಕೊಳ್ಳಿ. ದಿನಾ ಆಫೀಸಿಗೆ ಡೆಸ್ ಪ್ಲೇನ್ಸ್‌ವರೆಗೆ ಹೋಗೋರು ನೀವು, ನಿಮಗೆ ಮೈಲೇಜ್ ಬೇಕು. ನನ್ನ ಆಫೀಸ್ ಎರಡೇ ಮೈಲಿ.” ಶೆವೆಲ್‌ನ ಕೀಲಿ ಆಗಲೇ ಅವಳ ಕೈಯಲ್ಲಿತ್ತು. “ಅದೂ ಅಲ್ದೆ, ನಿಮಗೆ ಕ್ಲಚ್ ಬರಲ್ಲ.”

“ವಸು, ನೀನು ಹೆದರಿ ಕಣ್ಣು ಮುಚ್ಕೊಂಡಿದ್ದೆ!”

“ಇನ್ನೊಂದ್ಸಲ ಒತ್ತಿ ಅಂತ ಬಾಯಿಗೆ ಬಂದಿತ್ತು. ಬೈದು ಕರ್ಕೊಂಡು ಬಂದವಳು ಹೇಗೆ ಕೇಳಲಿ?”

ಅವಳು ಸೀಟು ಮುಂದಕ್ಕೆಳೆದುಕೊಂಡು ಕೂತಳು. ಒಂದೇ ಏಟಿಗೆ ಕಾರು ಹೊರಟಿತು, ಒಮ್ಮೆಯೂ ನಿಲ್ಲಲಿಲ್ಲ. “ಗೋ, ಅಮ್ಮಾ, ಗೋ!” ಎಂದು ಅವಳ ಪಕ್ಕ ಕೂತ ಧೃತಿ ಕಿಟಕಿಯಿಂದ ಕಿರುಚಿದಳು. ಮುಚ್ಚಳ ಪಟಕ್ಕನೆ ತೆರೆದದ್ದು ಶೇಷಾದ್ರಿಗೆ ದೂರದಿಂದಲೇ ಕಾಣಿಸಿತು.

ಪುಟ್ಟ ಕಾರಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಅವನೂ ಕಲ್ಮೇಶನೂ ಹಿಂದೆ ಹೊರಟರು.

“ಇದರಾಗ ಎಷ್ಟು ಕುದುರಿ ಅದಾವ್ರಿ?” ಕಲ್ಮೇಶ್ ಮೆಲ್ಲಗೆ ಕೇಳಿದ.

“ನೂರಾ ಆರು.”

“ಸಾಕು ಬಿಡ್ರಿ. ವೈನಿ ಹಿಂದ ಹೋಗಾಕ ಅಷ್ಟು ಸಾಕು.”