ನಮ್ಮವರ ಏದುಸಿರು

ಕಾಯಿಲೆ ಬಿದ್ದವರು ಶಿಸ್ತಿನವರ ಕೈಗೆ ಸಿಗಬಾರದು. ನಮ್ಮ ಯಜಮಾನರು ಸಿಕ್ಕಿದ್ದರು, ನನ್ನ ಕೈಗೆ. ಚೆನ್ನೈನ ಎಗ್ಮೋರ್ ರೈಲ್ವೆ ಕಚೇರಿಯಲ್ಲಿ ನಿವೃತ್ತಿಯವರೆಗೆ ದುಡಿದವಳು ನಾನು. ರೈಲು ತಡವಾದರೂ ನಮ್ಮ ಮನೆಯ ಕಾಫಿ ತಡವಾದದ್ದಿಲ್ಲ. ಲಕ್ವ ಹೊಡೆದು ಅವರ ಎಡಗಾಲು ಸೋತಾಗ, ಆಸ್ಪತ್ರೆಯಿಂದ ಬಂದ ದಿನವೇ ದಿನಚರಿ ಗೊತ್ತುಮಾಡಿದೆ: ಗಂಜಿ, ಮಾತ್ರೆ, ವಿಶ್ರಾಂತಿ, ಮತ್ತೆ ವಿಶ್ರಾಂತಿ. ಮಗ್ಗುಲು ಬದಲಿಸುವುದಕ್ಕೂ ಹೊತ್ತು ಹಾಕಿಕೊಟ್ಟಿದ್ದೆ. "ಸದ್ಯ, ಕನಸಿಗೆ ಟೈಮ್ ಹಾಕಿಲ್ವಲ್ಲೇ" ಎಂದರು. ಪುಣ್ಯಕ್ಕೆ ಅವರ ಮಾತು ಮಾತ್ರ ಒಂದಿಷ್ಟೂ ಸೋತಿರಲಿಲ್ಲ.

ನಮ್ಮದು ವಡಪಳನಿಯ ಹಳೆಯ ಫ್ಲ್ಯಾಟು, ಎರಡನೇ ಮಹಡಿ, ಲಿಫ್ಟ್ ಇಲ್ಲ. ಆಸ್ಪತ್ರೆಗೆ ಹೋಗುವಾಗ ಬರುವಾಗಲೆಲ್ಲ ವಾಚ್‌ಮನ್ ಕುಮಾರ್ ಮತ್ತು ಪಕ್ಕದ ಮನೆಯವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊರಬೇಕು. ದೇವರ ಉತ್ಸವ ಹೊರಟಂತೆ, "ಸ್ವಾಮಿ ಪುರಪ್ಪಾಡು, ದಾರಿ ಬಿಡಿ!" ಎಂದು ಇವರೇ ಕೂಗುವರು. ಎಲ್ಲರೂ ನಗುವರು. ಒಂದು ದಿನ ಕುರ್ಚಿ ಇಳಿಸಿದವರು ಹೋದ ಮೇಲೆ, "ನನ್ನ ಮನೆಗೆ ನಾನೇ ಹತ್ತಿ ಬರ್ಬೇಕು ಕಣೇ. ಇನ್ನೇನೂ ಬೇಡ" ಎಂದರು. ಆಗ ಅವರು ನಗುತ್ತಿರಲಿಲ್ಲ.

ಹೃದಯ ಪರೀಕ್ಷಿಸಿದ ಡಾಕ್ಟರು ಜೋರು ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟರು. ಕೈಕಾಲು ನೀವಿ ಕಳಿಸುತ್ತಾರೆಂದುಕೊಂಡು ಹೋದರೆ, ಫಿಸಿಯೋ ಹುಡುಗಿ ಸೆಲ್ವಿ ಇವರನ್ನು ನಿಂತಲ್ಲೇ ನಿಂತಿರುವ ವ್ಯಾಯಾಮದ ಸೈಕಲ್ಲಿಗೆ ಏರಿಸಿ, ಎಡಪಾದವನ್ನು ಪೆಡಲಿಗೆ ಪಟ್ಟಿಯಿಂದ ಬಿಗಿದಳು. ತುಳಿಯುತ್ತಲೇ ಇವರು ರಾಜಕೀಯ ಶುರುಮಾಡಿದರು. "ಅಂಕಲ್ ಪೇಸಿಟ್ಟೇ ಇರುಕ್ಕಾರು ಆಂಟಿ. ಪೋದಾದು! ಮೂಚ್ಚು ವಾಂಗಣುಂ" ಎಂದಳು ಸೆಲ್ವಿ. ಮಾತಿಗೆ ಉಸಿರು ಉಳಿದಿದೆಯೆಂದರೆ ತುಳಿದದ್ದು ಸಾಲದು, ಏದುಸಿರು ಬರಬೇಕು ಎಂದು ಅವಳ ಲೆಕ್ಕ. "ಅವರುಕ್ಕು ರೆಸ್ಟ್ ವೇಣುಂಮಾ" ಎಂದೆ. "ರೆಸ್ಟ್ ನೀಂಗ ಎಡುಂಗ ಆಂಟಿ" ಎಂದು, ವಿಶ್ರಾಂತಿ ನನಗೇ ಇರಲೆಂಬಂತೆ, ಒಂದು ಸ್ಟೂಲು ತೋರಿಸಿದಳು.

ಅಲ್ಲಿ ಕೂತು ಕಂಡದ್ದನ್ನು ಹೇಗೆ ಹೇಳಲಿ! ಮೊದಮೊದಲು ಎಡಗಾಲು ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ಪೆಡಲಿನ ಮೇಲೆ ಸುಮ್ಮನೆ ಸುತ್ತುತ್ತಿತ್ತು; ದುಡಿಮೆಯೆಲ್ಲ ಬಲಗಾಲಿನದು. ವಾರಗಳು ಕಳೆದವು. ಒಂದು ಬೆಳಿಗ್ಗೆ ಇವರ ಮಾತು ಅರ್ಧದಲ್ಲೇ ನಿಂತಿತು. ಮದುವೆಯಾದಾಗಿನಿಂದ ನನ್ನ ಕೈಲಾಗದಿದ್ದ ಕೆಲಸ ಅದು. ಬನಿಯನ್ ತೊಯ್ದು ಮೈಗಂಟಿತ್ತು, ಕತ್ತಿನ ನರ ಉಬ್ಬಿತ್ತು. ಸತ್ತಂತಿದ್ದ ಆ ಎಡ ಮೀನಖಂಡ ಬಿಗಿಯಿತು, ಸಡಿಲಿತು, ಮತ್ತೆ ಬಿಗಿಯಿತು. ಮಂಗಳಾರತಿಗೆ ನಿಲ್ಲುವಂತೆ ನಾನು ಎದ್ದು ನಿಂತಿದ್ದೆ.

ಕಳೆದ ತಿಂಗಳು ಆಟೋದಿಂದ ಇಳಿದವರೇ, ಕುರ್ಚಿ ತಂದ ಕುಮಾರ್‌ಗೆ "ವೇಣಾಂಪಾ" ಎಂದು ಕುರ್ಚಿ ನಿರಾಕರಿಸಿ ಮೆಟ್ಟಿಲಿನ ಕಂಬಿ ಹಿಡಿದರು. ಬಲಗಾಲು ಮೇಲಿಟ್ಟರು, ಎಡಗಾಲನ್ನು ಎಳೆದುಕೊಳ್ಳಲಿಲ್ಲ, ಎತ್ತಿಟ್ಟರು. ಹಿಂದೆ ನಾನು, ಬಿದ್ದರೆ ಹಿಡಿಯುವವಳಂತೆ ಎರಡೂ ಕೈ ಚಾಚಿಕೊಂಡು. ಮೊದಲ ತಿರುವಿನಲ್ಲಿ ನಿಂತರು. "ಸಾಕು ರೀ, ಕುರ್ಚಿ ತರಿಸ್ತೀನಿ" ಎಂದೆ. ತಲೆಯಾಡಿಸಿ ಮತ್ತೆ ಹತ್ತಿದರು. ಕೊನೆಗೆ ನಮ್ಮ ಬಾಗಿಲಿಗೆ ಹಣೆಯಾನಿಸಿ ನಿಂತು, ಉಸಿರು ತಹಬಂದಿಗೆ ಬಂದ ಮೇಲೆ, "ಬೀಗ ತೆಗಿಯೇ" ಎಂದರು.

ಬೀಗದಕೈ ಕೈಚೀಲದಲ್ಲಿತ್ತು. ಕೈಚೀಲ ಕೆಳಗೆ ಆ ಕುರ್ಚಿಯ ಮೇಲಿತ್ತು. ಇವರು ಕಂಬಿ ಹಿಡಿದ ಕ್ಷಣ ಇಟ್ಟು ಮರೆತವಳು ನಾನೇ.

"ನೀನು ಕೂತ್ಕೋ, ಮುಖ ನೋಡು ಹೇಗಾಗಿದೆ. ನಾನು ಹೋಗಿ ತರ್ತೀನಿ" ಎಂದು ನಿಜಕ್ಕೂ ಕೆಳಮುಖವಾಗಿ ತಿರುಗಿದರು! ಅಂಗಿಯ ಚುಂಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಕುಮಾರನನ್ನು ಕೂಗಲು ಬಾಯಿ ತೆರೆದರೆ ಬಂದದ್ದು ಬರೀ ಏದುಸಿರು. ಅವರೇ ಕೂಗಿದರು.